ಹೀಟರ್ ಪಕ್ಕದ ಕುರ್ಚಿ

ನನಗೆ ನ್ಯೂಯಾರ್ಕ್ ತೋರಿಸಲು ಆಫೀಸಿಗೆ ರಜಾ ಹಾಕಿದ್ದೇನೆ ಎಂದಿದ್ದ, ಊರಾಚೆಯ ಹಿಕ್ಸ್‌ವಿಲ್‌ ಬಡಾವಣೆಯ ಗೆಳೆಯ ರಂಗನಾಥ. ಆದರೂ ಟೈ ಕಟ್ಟಿಕೊಂಡೇ ಹೊರಟ.

ಬೀದಿಗಳನ್ನೆಲ್ಲ ಸುತ್ತಿ, ಚಳಿ ತಡೆಯಲಾರದೆ ದೊಡ್ಡ ಲೈಬ್ರರಿಯೊಂದಕ್ಕೆ ನುಗ್ಗಿದೆವು. ಬಾಗಿಲಲ್ಲಿದ್ದ ಕಾವಲುಗಾರ ಅವನನ್ನು ಕಂಡು ನಕ್ಕು, ಹೀಟರ್ ಪಕ್ಕದ ಕುರ್ಚಿ ತೋರಿಸಿದ. "ನಿಮ್ಮ ಜಾಗ ಖಾಲಿ ಇದೆ, ಸರ್."

ರಂಗನಾಥ ಕೂತು ಟೈ ಸಡಿಲಿಸಿದ. "ಲೇ ಆಫ್ ಆಗಿ ಐದು ತಿಂಗಳಾಯ್ತು ಕಣೋ. ದಿನಾ ಎಂಟು ಗಂಟೆ ಟ್ರೇನಲ್ಲಿ ಬಂದು ಇಲ್ಲೇ ಕೂತಿರ್ತೀನಿ. ಮನೇಲಿ ಸರೋಜಂಗೆ ಗೊತ್ತಿಲ್ಲ."



ಸಂಜೆ ಹಿಕ್ಸ್‌ವಿಲ್ ಸ್ಟೇಷನ್ನಿಗೆ ಕಾರು ತಂದಿದ್ದ ಅವನ ಹೆಂಡತಿ ಸರೋಜ ನನ್ನತ್ತ ತಿರುಗಿ ಹೇಳಿದರು: "ನಿಮ್ಮಿಂದಾಗಿ ಒಂದಿನವಾದ್ರೂ ರಜಾ ಹಾಕಿದ್ರು. ಪಾಪ, ಈ ಊರಲ್ಲಿ ಆಫೀಸು ಬಿಟ್ಟು ಬೇರೇನೂ ನೋಡಿಲ್ಲ ಇವರು."