ಉಪ್ಪಿನ ಇಸ್ಬ್ರಾಂಡ್

ಚಳಿನಾಡಿನ ಬ್ಲೂಮೆನ್‌ವೀಸ್ ಎಂಬ ರೈತರ ಊರಿನ ಒಂದೇ ಬೀದಿಯಲ್ಲಿ ಇಸ್ಬ್ರಾಂಡ್ ರೀದಿಗರ್ ಎಂಬ ಹೆಸರಿನವರು ಮೂವರಿದ್ದರು. ಒಬ್ಬ ಕುಂಟ ಇಸ್ಬ್ರಾಂಡ್, ಇನ್ನೊಬ್ಬ ಜೇನಿನ ಇಸ್ಬ್ರಾಂಡ್, ಮೂರನೆಯವನು ಉಪ್ಪಿನ ಇಸ್ಬ್ರಾಂಡ್. ಇದು ಉಪ್ಪಿನವನ ಕಥೆ.

ನವೆಂಬರಿನಲ್ಲಿ ಹಿಮ ಬಿದ್ದು ನೆಲ ಕಲ್ಲಾದ ಮೇಲೆ ಬೀದಿಯ ಒಂದೊಂದು ಮನೆಯಲ್ಲೂ ಹಂದಿ ಕಡಿಯುವ ದಿನ ಬರುತ್ತಿತ್ತು. ನೆರೆಯವರೆಲ್ಲ ಬೆಳಕು ಹರಿಯುವ ಮುಂಚೆಯೇ ಬಂದು ಸೇರುತ್ತಿದ್ದರು. ಹಂದಿ ಕೆಡವಲು ಯಾರಾದರೂ ಆದೀತು, ಕರುಳು ಹೆರೆಯಲು ಹೆಂಗಸರಿಗೇನೂ ಬರವಿಲ್ಲ. ಆದರೆ ಕರುಳಿಗೆ ತುಂಬುವ ಸಾಸೇಜಿನ ಮಾಂಸಕ್ಕೆ ಉಪ್ಪು ಹಾಕುವ ಕೈ ಇಡೀ ಬೀದಿಗೆ ಒಂದೇ. ಅಳತೆಯ ಬಟ್ಟಲಿಲ್ಲ, ತಕ್ಕಡಿಯಿಲ್ಲ. ದೋಣಿ ಎನ್ನುವ ಉದ್ದನೆಯ ಮರದ ತೊಟ್ಟಿಯಲ್ಲಿ ರುಬ್ಬಿದ ಮಾಂಸ ಗುಡ್ಡೆ ಬಿದ್ದಿರುತ್ತದೆ. ಮುಷ್ಟಿಯಲ್ಲಿ ಉಪ್ಪು ಎರಚಬೇಕು, ಕರಿಮೆಣಸು ಉದುರಿಸಬೇಕು, ಮೊಣಕೈವರೆಗೂ ಕೈ ಹಾಕಿ ಕಲಸಬೇಕು, ಚಿಟಿಕೆಯಷ್ಟು ನಾಲಿಗೆಗಿಟ್ಟು ನೋಡಿ "ಆಯ್ತು" ಎನ್ನಬೇಕು. ಆ ಮಾತು ಬೀಳುವ ತನಕ ಸಾಸೇಜು ತುಂಬುವ ಯಂತ್ರದ ಹಿಡಿಯನ್ನು ಯಾರೂ ಮುಟ್ಟುವಂತಿರಲಿಲ್ಲ.

ಈ ಕೆಲಸ ಅವನಿಗೆ ಬಂದದ್ದು ಅಪ್ಪನಿಂದ. ಚಿಕ್ಕವನಿದ್ದಾಗ ದೋಣಿಯ ಅಂಚಿಗೆ ಗಲ್ಲ ಊರಿ ನಿಂತಿರುತ್ತಿದ್ದ. ಅಪ್ಪ ಕಿರುಬೆರಳಿನ ತುದಿಯಲ್ಲಿ ಒಂದಿಷ್ಟು ಮಾಂಸ ತೆಗೆದು ಅವನ ಬಾಯಿಗಿಟ್ಟು, "ಏನು ಕಮ್ಮಿ, ಹೇಳು" ಎನ್ನುತ್ತಿದ್ದ. ತಪ್ಪು ಹೇಳಿದರೆ ಬೆರಳಲ್ಲೇ ಹಣೆಗೊಂದು ಮೊಟಕು. ಸರಿ ಹೇಳಿದರೆ ಕಡಾಯಿಯಿಂದ ಆಗತಾನೆ ತೆಗೆದ, ಕೊಬ್ಬಿನಲ್ಲಿ ಬೆಂದು ಕೆಂಪಾದ ಪಕ್ಕೆಲುಬು. ಅಂಥ ಎಷ್ಟೋ ಮೊಟಕು, ಎಷ್ಟೋ ಎಲುಬು ತಿಂದು ಕಲಿತ ವಿದ್ಯೆ ಅದು. ಉಳಿದಂತೆ ಇಸ್ಬ್ರಾಂಡ್ ಹೇಳಿಕೊಳ್ಳುವಂಥವನಲ್ಲ. ಅವನ ಹೊಲದಲ್ಲಿ ಕಳೆ ಹೆಚ್ಚು, ಪ್ರಾರ್ಥನೆಯಲ್ಲಿ ಅವನ ರಾಗ ಎಲ್ಲರಿಗಿಂತ ಒಂದು ಹೆಜ್ಜೆ ಹಿಂದೆ, ಸಿಟ್ಟು ಮಾತ್ರ ಎಲ್ಲರಿಗಿಂತ ಮುಂದೆ. ಊರು ಅವನನ್ನು ಸಹಿಸಿಕೊಂಡಿದ್ದರೆ ಅದು ಆ ಕೈಗಾಗಿ ಎಂದು ಅವನೇ ನಂಬಿದ್ದ.

ಒಂದು ವರ್ಷ ಆಗಸ್ಟ್‌ನಲ್ಲಿ ಹುಲ್ಲಿನ ಅಟ್ಟದಿಂದ ಕಾಲು ಜಾರಿ ಬಿದ್ದ. ಹಿಂದಲೆಗೆ ಪೆಟ್ಟು. ವಾರವಿಡೀ ಮಲಗಿ ಎದ್ದ ದಿನ ಹೆಂಡತಿ ಯುಸ್ಟೀನಾ ಹುರಿದ ಗೋಧಿಯ ಕಾಫಿ ಕೊಟ್ಟಳು. ಕುಡಿದರೆ ಬರೀ ಬಿಸಿನೀರು. ಬ್ರೆಡ್ ಕಚ್ಚಿದ, ಹತ್ತಿ ಅಗಿದ ಹಾಗಾಯಿತು. ಉಪ್ಪಿನ ಡಬ್ಬಿಗೆ ಬೆರಳದ್ದಿ ನೆಕ್ಕಿದ, ಮರಳು. ಕದ್ದುಮುಚ್ಚಿ ಮತ್ತೊಮ್ಮೆ ನೆಕ್ಕಿದ. ಆಗಲೂ ಮರಳೇ.

ಹೆಂಡತಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಹೇಳಿದ ಮರುದಿನ ಬೀದಿಗೆಲ್ಲ ಗೊತ್ತು, ಅದರ ಮರುದಿನ ಉಪ್ಪಿನ ಮುಷ್ಟಿ ಬೇರೆಯವನ ಪಾಲು. ಹೀಗಾಗಿ ಅವನು ನೆನಪಿನಿಂದ ಊಟ ಮಾಡತೊಡಗಿದ. ತಟ್ಟೆಯಲ್ಲಿ ವೆರೆನಿಕೆ ಕಡುಬು ಬಿದ್ದರೆ, ಒಳಗಿನ ಮೊಸರಗಡ್ಡೆಯ ಹುಳಿ ಹೇಗಿರುತ್ತಿತ್ತು, ಮೇಲೆ ಸುರಿದ ಕೆನೆಯ ಗೊಜ್ಜು ಹೇಗೆ ನಾಲಿಗೆಗೆ ಅಂಟುತ್ತಿತ್ತು ಎಂದು ಜ್ಞಾಪಿಸಿಕೊಂಡು ಅಗಿಯುತ್ತಿದ್ದ. ಕಲ್ಲಂಗಡಿಯ ಕಾಲದಲ್ಲಿ ಯುಸ್ಟೀನಾ ಹಣ್ಣಿನ ಜೊತೆ ತಿನ್ನುವ ಹಿಟ್ಟಿನ ಪಟ್ಟಿ, ರೋಲ್‌ಕೂಕೆನ್, ಕರಿದಳು. ಗರಿಗರಿ ಪಟ್ಟಿಯೊಂದನ್ನು ಮುರಿದು, ತಣ್ಣಗಿನ ಹಣ್ಣು ಕಚ್ಚಿ, ಅವನು ಕಣ್ಣು ಮುಚ್ಚಿ ಕೂತ. ಅಮ್ಮ ಹೊರಗಿನ ಅಡುಗೆಮನೆಯಲ್ಲಿ ಬೆವರು ಸುರಿಸುತ್ತ ಕರಿಯುತ್ತಿದ್ದದ್ದು, ಅವನೂ ತಂಗಿಯರೂ ಗಾಡಿಯ ಹಲಗೆಯ ಮೇಲೆ ಸಾಲಾಗಿ ಕೂತು ಕೋಳಿಗಳಿಗೆ ಗುರಿಯಿಟ್ಟು ಬೀಜ ಉಗುಳುತ್ತಿದ್ದದ್ದು, ಮೊಣಕೈಯಿಂದ ಹಣ್ಣಿನ ರಸ ಇಳಿಯುತ್ತಿದ್ದದ್ದು, ಎಲ್ಲ ಬಂತು. ಸಿಹಿ ಮಾತ್ರ ಬರಲಿಲ್ಲ.

"ಹೇಗಿದೆ?" ಎಂದಳು ಯುಸ್ಟೀನಾ.

"ನಮ್ಮಮ್ಮ ಮಾಡ್ತಿದ್ದ ಹಾಗೇ ಇದೆ ಕಣೆ."

ಯಾವುದಕ್ಕೂ ಅದೇ ಉತ್ತರ. ಉಣ್ಣುವುದೆಂದರೆ ದಿನಕ್ಕೆ ಮೂರು ಸಲ ಪರೀಕ್ಷೆಗೆ ಕೂತ ಹಾಗೆ.

ಹಂದಿಯ ದಿನಗಳು ಹತ್ತಿರ ಬಂದ ಹಾಗೆ ನಿದ್ದೆ ಹಾರಿತು. ಮೊದಲ ಸರದಿ ಭಾವನ ಮನೆಯದು. ಹೈನ್ ದ್ಯುಕ್ ಯುಸ್ಟೀನಾಳ ಅಣ್ಣ, ಎರಡು ಭಾರಿ ಹಂದಿ ಸಾಕಿದ್ದ. ಇಸ್ಬ್ರಾಂಡ್ ಕೊನೆಗೆ ಒಂದು ಧೈರ್ಯ ತಂದುಕೊಂಡ: ನಾಲಿಗೆ ಸತ್ತರೇನು, ಕೈ ಬದುಕಿದೆ. ಇಂಥ ಗುಡ್ಡೆಗೆ ಇಷ್ಟು ಮುಷ್ಟಿ ಎಂದು ಕೈಗೇ ಗೊತ್ತು. ಆಮೇಲೆ ಒಂದು ತುಂಡು ಹುರಿದು ಗಂಡಸರಿಗೆಲ್ಲ ಹಂಚುತ್ತಾರಲ್ಲ, ಆಗ ಅವರ ಮುಖ ನೋಡಿಕೊಂಡರಾಯಿತು.

"ಏನು ಭಾವ, ಹಂದಿಗಿಂತ ನೀನೇ ಜಾಸ್ತಿ ಹೆದರಿದ ಹಾಗಿದೆ?" ಎಂದು ಹೈನ್ ಅಂಗಳದಲ್ಲೇ ಕೆಣಕಿದ.

"ನಿನ್ನ ಮನೆ ತಿಂಡಿ ನೆನೆಸ್ಕೊಂಡೆ, ಅದಕ್ಕೆ."

ಬೆಳಗಿನ ಕೆಲಸ ಸಲೀಸಾಗಿ ಸಾಗಿತು. ಬಿಸಿನೀರು ಸುರಿದು ಕೂದಲು ಹೆರೆದರು, ಏಣಿಗೆ ತೂಗುಹಾಕಿ ಸೀಳಿದರು, ಹೆಂಗಸರು ಕರುಳು ತೊಳೆದರು, ಕಡಾಯಿಯಲ್ಲಿ ಕೊಬ್ಬು ಕರಗತೊಡಗಿತು. ಒಂದು ಹಂದಿಯ ಮಾಂಸ ರುಬ್ಬಿ, ಅಡುಗೆಮನೆಗೆ ಹತ್ತಿಕೊಂಡ ಕೊಟ್ಟಿಗೆಯಲ್ಲಿ ದೋಣಿ ತುಂಬಿಸಿದರು. ಇಸ್ಬ್ರಾಂಡ್ ತೋಳು ಮಡಚಿ, ಉಪ್ಪಿನ ಮೂಟೆ ಪಕ್ಕಕ್ಕೆಳೆದು, ಮನಸ್ಸಿನಲ್ಲೇ ಎಣಿಸುತ್ತ ಎರಚತೊಡಗಿದ. ಅರ್ಧ ದಾರಿಗೆ ಬಂದಿದ್ದಾನೆ, ಆಗ ಹಿಂದಿನಿಂದ ಕಿಸಕ್ ಎಂದು ಯಾರೋ ನಕ್ಕರು. ಇನ್ನೊಬ್ಬ ನಕ್ಕ. ಆಮೇಲೆ ಕೊಟ್ಟಿಗೆಯೇ ನಕ್ಕಿತು.

ಎರಚುತ್ತಿದ್ದ ಕೈ ನಿಂತಿತು. ಗೊತ್ತಾಗಿಹೋಯಿತೇ?

"ಏನ್ರೋ ಅದು? ಯಾರಿಗೆ ನಗ್ತಿದ್ದೀರಿ?"

"ತಿರುಗಬೇಡ, ತಿರುಗಬೇಡ, ಬಡಿದುಬಿಡುತ್ತೆ!" ಎಂದ ನೆರೆಮನೆಯ ಬೇರೆಂಡ್ ಟೇವ್ಸ್, ಹೊಟ್ಟೆ ಹಿಡಿದುಕೊಂಡು.

ಕೋಟಿನ ಹಿಂಬದಿಗೆ ಕೈ ಹಾಕಿದರೆ ಹಂದಿಯ ಬಾಲ. ಬೇರೆಂಡ್ ಪಿನ್ನು ಚುಚ್ಚಿ ನೇತುಹಾಕಿದ್ದ. ಪ್ರತಿ ವರ್ಷ ಯಾರಾದರೊಬ್ಬರ ಬೆನ್ನಿಗೆ ಆ ಬಾಲ ಬೀಳಲೇಬೇಕು, ಬಿದ್ದವನು ತಾನೂ ನಗಬೇಕು. ಇಸ್ಬ್ರಾಂಡ್ ಕಿತ್ತು ಬೇರೆಂಡನ ಮುಖಕ್ಕೇ ಎಸೆದ. "ನಿಂದೇ ಇರಬೇಕು, ಇಟ್ಕೋ!"

ದೋಣಿಯ ಕಡೆ ತಿರುಗಿದ. ಎಣಿಕೆ ತಲೆಯಿಂದ ಹಾರಿಹೋಗಿತ್ತು. ಎಷ್ಟು ಹಾಕಿದೆ? ಹಿಂದೆಲ್ಲ ಇಂಥದಕ್ಕೆ ನಾಲಿಗೆ ಉತ್ತರ ಹೇಳುತ್ತಿತ್ತು. ಚಿಟಿಕೆ ಮಾಂಸ ಬಾಯಿಗಿಟ್ಟ. ತಣ್ಣಗಿತ್ತು, ಮೆತ್ತಗಿತ್ತು, ಅಷ್ಟೆ. ಕಮ್ಮಿಯಾದರೆ ಸಾಸೇಜು ಒಣಗಿಸುವ ಹೊಗೆಮನೆಯಲ್ಲೇ ಕೊಳೆಯುತ್ತದೆ, ಅದು ದೊಡ್ಡ ಅವಮಾನ ಎಂದು ಇನ್ನೊಂದಿಷ್ಟು ಎರಚಿದ. ಕಲಸಿದ. ಮನಸ್ಸು ಒಪ್ಪಲಿಲ್ಲ, ಮತ್ತೊಂದಿಷ್ಟು ಎರಚಿದ.

ತುಂಡು ಹುರಿದು ತಂದರು. ಗಂಡಸರು ಚಾಕುವಿನ ತುದಿಯಲ್ಲಿ ಚುಚ್ಚಿ ಬಾಯಿಗೆ ಹಾಕಿಕೊಂಡರು. ಇಸ್ಬ್ರಾಂಡ್ ಒಬ್ಬೊಬ್ಬರ ಮುಖವನ್ನೂ ಕಣ್ಣು ಕೀಳದೆ ನೋಡಿದ.

ಆದರೆ ಅವನು ಒಂದನ್ನು ಮರೆತಿದ್ದ. ಅದು ಅನ್ನಕ್ಕೆ ಹೆಸರಿಡುವ ಜನವಲ್ಲ. ದೇವರು ಕೊಟ್ಟದ್ದು, ನೆರೆಯವನು ಮಾಡಿದ್ದು. ಮುಖ ಸಿಂಡರಿಸಿದರೆ ಪಾಪ. ಸುಟ್ಟ ಬ್ರೆಡ್ಡನ್ನೂ ಹಾಗೇ ತಿಂದು ಬೆಳೆದವರು. ಹೈನ್ ಕಿಟಕಿಯಾಚೆ ನೋಡುತ್ತ ಅಗಿದ. ಬೇರೆಂಡ್ ನೆಲ ನೋಡುತ್ತ ಅಗಿದ. ಉಳಿದವರೂ ಕಲ್ಲಿನ ಗೊಂಬೆಗಳ ಹಾಗೆ ನಿಂತು ನುಂಗಿದರು.

"ಹೇಗಿದೆ?" ಎಂದ ಇಸ್ಬ್ರಾಂಡ್.

"ತಿನ್ನಬಹುದು," ಎಂದ ಬೇರೆಂಡ್.

ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಕಷ್ಟವೇನೆಂದರೆ, ಬಾಯಿಗಿಡಲಾಗದ್ದಕ್ಕೂ ಅವರು ಅದನ್ನೇ ಹೇಳುತ್ತಿದ್ದರು.

"ಹಾಗಾದ್ರೆ... ಆಯ್ತು," ಎಂದ ಇಸ್ಬ್ರಾಂಡ್. ಯಂತ್ರಕ್ಕೆ ಮಾಂಸ ತುಂಬಿದರು. ಹೈನ್ ಅದರ ಮೂತಿಗೆ ಕರುಳು ಏರಿಸತೊಡಗಿದ.

ಆಗ ಬೇರೆಂಡ್ ಮೆಲ್ಲಗೆ ಬಾಗಿಲ ಬಳಿಯ ನೀರಿನ ಬಕೆಟ್ಟಿಗೆ ನಡೆದ. ಸೌಟಿನ ತುಂಬ ಕುಡಿದ. ಮತ್ತೊಂದು ಸೌಟು. ಅವನ ಹಿಂದೆ ಇನ್ನೊಬ್ಬ ಬಂದು ನಿಂತ. ಹೈನ್ ಕೂಡ ಕರುಳನ್ನು ಅಲ್ಲೇ ಬಿಟ್ಟು, ಕೈ ಒರೆಸಿಕೊಂಡು ಹೋದ. ಹೊರಗೆ ಹಿಮ ಬೀಳುತ್ತಿದೆ, ಮೂಗು ಮರಗಟ್ಟುವ ಚಳಿ, ಇಷ್ಟು ಜನ ಗಂಡಸರು ಬೇಸಿಗೆಯ ಎತ್ತುಗಳ ಹಾಗೆ ಬಕೆಟ್ಟಿನ ಸುತ್ತ!

ಇಸ್ಬ್ರಾಂಡನಿಗೆ ಅರ್ಥವಾಯಿತು. ನೆತ್ತಿಗೆ ಬೆಂಕಿ ಹತ್ತಿತು.

"ನಿಲ್ಲಿಸ್ರೋ!" ಎಂದು ಅವನು ಕಿರುಚಿದ್ದಕ್ಕೆ ಅಡುಗೆಮನೆಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. "ಬಾಯಿ ಬಿದ್ದು ಹೋಗಿದೆಯಾ ನಿಮಗೆಲ್ಲ? ಉಪ್ಪು ಜಾಸ್ತಿ ಆಗಿದೆ ಅಂತ ಹೇಳೋಕೆ ಏನು ಧಾಡಿ?"

ಬೇರೆಂಡ್ ಮೀಸೆಯ ನೀರು ಒರೆಸಿಕೊಂಡ. "ಸ್ವಲ್ಪ... ಮುಂದಿದೆ ಅನ್ನಿಸ್ತು."

"ಸ್ವಲ್ಪ? ಬಕೆಟ್ ಖಾಲಿ ಮಾಡಿದ್ದೀಯಲ್ಲೋ!"

"ಉಪ್ಪು ಹಾಕೋನು ನೀನು. 'ಆಯ್ತು' ಅಂದೋನೂ ನೀನೇ," ಎಂದ ಹೈನ್. "ನಾವ್ಯಾರು ಹೇಳೋಕೆ?"

"ನನಗೆ ಗೊತ್ತಾಗಲ್ಲ ಕಣ್ರೋ!" ಬಾಯಿಂದ ಬಿದ್ದ ಮೇಲೆ ಆ ಮಾತನ್ನು ಹಿಡಿಯಲು ಆಗಲಿಲ್ಲ. "ಅಟ್ಟದಿಂದ ಬಿದ್ದಾಗಿನಿಂದ ನಾಲಿಗೆ ಸತ್ತು ಹೋಗಿದೆ! ಸಕ್ಕರೆ ತಿಂದ್ರೂ ಅಷ್ಟೇ, ಸಗಣಿ ತಿಂದ್ರೂ ಅಷ್ಟೇ!"

ಬೇರೆಂಡ್ ಸೌಟನ್ನು ಬಕೆಟ್ಟಿಗೆ ಬಿಟ್ಟ.

"ಸಗಣಿ ಯಾವಾಗ ತಿಂದೆ?" ಎಂದ ಬೇರೆಂಡ್, ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವನ ಹಾಗೆ.

ಮೊದಲು ನಕ್ಕವಳು ಯುಸ್ಟೀನಾ. ಏಪ್ರನ್ನಿನಿಂದ ಕಣ್ಣೊರೆಸಿಕೊಳ್ಳುತ್ತ ಅಂದಳು, "ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಸೆಪ್ಟೆಂಬರಿನಿಂದಲೇ ಗೊತ್ತಿತ್ತು. ಒಣಹಣ್ಣಿನ ಪಾಯಸಕ್ಕೆ ಒಂದು ದಿನ ಸಕ್ಕರೆ ಬದಲು ಉಪ್ಪು ಸುರಿದಿದ್ದೆ, ಬೇಕಂತಲೇ. ನೀನು ಎರಡು ಬಟ್ಟಲು ಕುಡಿದು, ನಮ್ಮಮ್ಮ ಮಾಡ್ತಿದ್ದ ಹಾಗೇ ಇದೆ ಅಂದೆ. ನಿಮ್ಮಮ್ಮ ಮೇಲೆ ಕೂತು ಅದೆಷ್ಟು ಅತ್ತಳೋ!"

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ನೀನು ಯಾಕೆ ಸುಮ್ಮನಿದ್ದೆ?"

ಅಷ್ಟು ಹೊತ್ತಿಗೆ ಹೆಂಗಸರನ್ನು ತಳ್ಳಿಕೊಂಡು ಅಗನೇತಾ ಮುದುಕಿ ಬಂದಳು. ಅವಳು ಹೈನ್ ಮತ್ತು ಯುಸ್ಟೀನಾರ ತಾಯಿ, ಇಸ್ಬ್ರಾಂಡನ ಅತ್ತೆ. ಇಡೀ ಬೀದಿಯಲ್ಲಿ ಮನಸ್ಸಿನಲ್ಲಿದ್ದದ್ದನ್ನು ಮುಖದಲ್ಲಿ ಮುಚ್ಚಿಡಲು ಬಾರದ ಜೀವ ಅದೊಂದೇ. ಪಾದ್ರಿಯ ಮಾತು ಉದ್ದವಾದರೆ ಮುಂದಿನ ಬೆಂಚಿನಲ್ಲೇ ಬಾಯಿ ಬಿಟ್ಟು ಆಕಳಿಸುವವಳು. ವಯಸ್ಸಾಯಿತು ಎಂದು ಎಲ್ಲರೂ ಬಿಟ್ಟಿದ್ದರು.

"ನನಗೊಂದು ಚೂರು ಕೊಡಿ," ಎಂದಳು. ಬಾಯಿಗಿಟ್ಟಳೋ ಇಲ್ಲವೋ, ಮುಖವೆಲ್ಲ ಹಿಂಡಿದ ಬಟ್ಟೆಯಾಯಿತು. ಥೂ ಎಂದು ಒಲೆಗೆ ಉಗಿದಳು. "ಇದೇನು ಅಳಿಯಾ, ಮಾಂಸಕ್ಕೆ ಉಪ್ಪು ಹಾಕಿದ್ದೀಯೋ, ಉಪ್ಪಿಗೆ ಮಾಂಸ ಹಾಕಿದ್ದೀಯೋ?"

ಆ ಉಗಿತ ಇಸ್ಬ್ರಾಂಡನಿಗೆ ಬಾಯಾರಿದವನಿಗೆ ತಣ್ಣೀರು ಕೊಟ್ಟ ಹಾಗಿತ್ತು. ಯಾರೋ ಒಬ್ಬರಾದರೂ ಹೇಳಿದರಲ್ಲ! ಅವನು ಗಟ್ಟಿಯಾಗಿ ನಗತೊಡಗಿದ. ನಗುತ್ತಲೇ ಮೂಟೆಯ ಮೇಲೆ ಕುಸಿದು ಕೂತ. "ಇನ್ನು ನನ್ನ ಕೈಲಾಗಲ್ಲ ಭಾವ. ಬೇರೆ ಯಾರನ್ನಾದ್ರೂ ನೋಡಿಕೋ."

"ಯಾರನ್ನ ನೋಡಲಿ? ಬೇರೆಂಡ್ ಹಾಕಿದ್ರೆ ನಾಯೀನೂ ಮೂಸಲ್ಲ," ಎಂದ ಹೈನ್. "ಮೊದಲು ಇದನ್ನ ಉಳಿಸೋದು ಹೇಗೆ, ಅದು ಹೇಳು."

ಉಪ್ಪಿನ ಮಾತು ಬಂದ ಕೂಡಲೇ ಇಸ್ಬ್ರಾಂಡ್ ಎದ್ದ. "ಎರಡನೇ ಹಂದಿ ಇದೆಯಲ್ಲ? ಅದನ್ನೂ ರುಬ್ಬು. ಒಂದು ಹರಳು ಉಪ್ಪಿಲ್ಲದೆ ಇದಕ್ಕೆ ಬೆರೆಸೋಣ."

"ಅದರ ತೊಡೆ ಈಸ್ಟರ್‌ಗೆ ಅಂತ ಇಟ್ಟಿದ್ದು," ಎಂದು ಹೈನ್‌ನ ಹೆಂಡತಿ ಬಾಗಿಲಿಂದಲೇ ಗೊಣಗಿದಳು.

"ಈಸ್ಟರ್‌ಗೂ ಸಾಸೇಜೇ ತಿಂತೀವಿ ಬಿಡು," ಎಂದ ಹೈನ್, ಮತ್ತು ಚಾಕು ಎತ್ತಿಕೊಂಡ.

ರುಬ್ಬಿದರು. ಯಂತ್ರದೊಳಗಿನದನ್ನು ಮತ್ತೆ ದೋಣಿಗೆ ಸುರಿದು ಇಸ್ಬ್ರಾಂಡ್ ಮೊಣಕೈವರೆಗೂ ಕೈ ಹಾಕಿ ಬೆರೆಸಿದ. ತುಂಡು ಹುರಿದು ತಂದಾಗ ಗಂಡಸರು ಯಾರೂ ಚಾಕು ತೆಗೆಯಲಿಲ್ಲ. ಅಗನೇತಾಗೆ ಕುರ್ಚಿ ಹಾಕಿದರು. ಅವಳು ಒಸಡಿನಲ್ಲೇ ಅಗಿಯುವಾಗ ಇಸ್ಬ್ರಾಂಡ್ ಎದುರು ಕುಕ್ಕರಗಾಲಲ್ಲಿ ಕೂತು ನೋಡಿದ. ಅವಳ ಒಂದು ಕಣ್ಣು ಮುಚ್ಚಿಕೊಂಡಿತು.

"ಇನ್ನೂ ಜಾಸ್ತಿ," ಎಂದು ತನಗೆ ತಾನೇ ಹೇಳಿಕೊಂಡು ಅವನು ಇನ್ನಷ್ಟು ಸಪ್ಪೆ ಮಾಂಸ ಬೆರೆಸಿದ. ಮತ್ತೆ ಹುರಿದರು. ಈ ಸಲ ಕಣ್ಣು ಮುಚ್ಚಲಿಲ್ಲ, ಆದರೆ ತುಟಿ ಪಕ್ಕಕ್ಕೆ ಹೋಯಿತು.

"ಉಪ್ಪಲ್ಲ, ಮೆಣಸು ಕಮ್ಮಿ. ಹೌದಾ ಅತ್ತೆ?"

"ನನ್ನನ್ನೇನು ಕೇಳ್ತೀಯ? ಮಾಡು, ತಿಂತೀನಿ."

ಮೆಣಸು ಉದುರಿಸಿ ಕಲಸಿದ. ಮೂರನೆಯ ತುಂಡು ಬಾಯಿಗೆ ಹೋಯಿತು. ಮುದುಕಿಯ ಹುಬ್ಬುಗಳು ನಿಧಾನವಾಗಿ ಇಳಿದವು, ಕೆನ್ನೆ ಸಡಿಲವಾಯಿತು, ದವಡೆ ಅವಸರವಿಲ್ಲದೆ ಆಡಿತು. ಅವಳು ಇನ್ನೊಂದು ತುಂಡಿಗೆ ಕೈ ಚಾಚಿದಳು.

"ಆಯ್ತು!" ಎಂದ ಇಸ್ಬ್ರಾಂಡ್. ಅಷ್ಟು ಜೋರಾಗಿ ಅವನು ಆ ಮಾತನ್ನು ಯಾವತ್ತೂ ಹೇಳಿರಲಿಲ್ಲ.

ಬೇರೆಂಡ್ ಯಂತ್ರದ ಹಿಡಿ ತಿರುಗಿಸುತ್ತ ಹೇಳಿದ, "ಮಂಗಳವಾರ ನಮ್ಮನೇದು. ನೀನು ಬಾ. ಬರುವಾಗ ಅಜ್ಜಿಗೆ ಕಂಬಳಿ ಹೊದಿಸಿ ಜಾರುಗಾಡೀಲಿ ಕರ್ಕೊಂಡು ಬಾ."

"ನಾನೇನು ಪುಗಸಟ್ಟೆ ಬರ್ತೀನಾ?" ಎಂದಳು ಅಗನೇತಾ ಬಾಯಿ ತುಂಬಿಕೊಂಡೇ. "ಹಂದಿಯ ಲಿವರ್ ನನಗೆ."

ಸಂಜೆ ಕೆಲಸ ಮುಗಿದು ಉದ್ದ ಮೇಜಿಗೆ ಕೂತಾಗ, ಕಡಾಯಿಯಿಂದ ತೆಗೆದ ಪಕ್ಕೆಲುಬುಗಳು ಹಬೆಯಾಡುತ್ತ ಬಂದವು. ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ಪ್ರಾರ್ಥಿಸಿದರು. ಇಸ್ಬ್ರಾಂಡ್ ಒಂದೆಲುಬು ಎತ್ತಿ ಕಚ್ಚಿದ. ಏನೂ ತಿಳಿಯಲಿಲ್ಲ. ಯುಸ್ಟೀನಾ ಪಕ್ಕದಿಂದ ನೋಡುತ್ತಿದ್ದಳು.

"ಏನೂ ರುಚಿ ಇಲ್ಲ ಕಣೆ," ಎಂದ ಅವನು. ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿಯಂಥದೊಂದು ಎದ್ದು ಹೋಯಿತು. "ನೀನೇ ಹೇಳು, ಹೇಗಿದೆ?"

ಅವಳು ಕಚ್ಚಿ, ಅಗಿದು, ಯೋಚಿಸಿದಳು. "ಹೊರಗೆ ಗರಿಗರಿ. ಒಳಗೆ ಮೆತ್ತಗಿದೆ. ಎಲುಬಿನ ಹತ್ತಿರ ಒಂಥರಾ ಸಿಹಿ."

"ಎಂಥ ಸಿಹಿ? ಜೇನಿನದಾ, ಹಾಲಿನದಾ?"

"ಹಾಲಿನದು. ಹಾಲು ಕಾಸಿದಾಗ ತಳ ಹಿಡಿಯುತ್ತಲ್ಲ, ಅದು."

"ಹ್ಞಾಂ, ಅದೇ!" ಎಂದ ಇಸ್ಬ್ರಾಂಡ್, ಎಲುಬನ್ನು ಚೀಪಿ ತಟ್ಟೆಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡ. ಆಗಸ್ಟ್ ಆದ ಮೇಲೆ ಅವನಿಗೆ ಹೀಗೆ ಹಸಿವಾದದ್ದು ಇದೇ ಮೊದಲು.