ಮಜ್ಜೆ, ಮಜ್ಜಿಗೆ

ಮೊನ್ನೆ ಹೊಸ ತಿಪ್ಪಸಂದ್ರದ ಅಂಗಡಿಯೊಂದರಲ್ಲಿ ಮೊಸರಿನ ಡಬ್ಬಿ ಕೈಗೆತ್ತಿಕೊಂಡೆ. ‘ಜೀವಂತ ಬ್ಯಾಕ್ಟೀರಿಯಾ ಇದೆ’ ಎಂದು ಅದರ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ್ದರು. ನೀವಾಗಿದ್ದರೆ ಬೆಲೆ ನೋಡುತ್ತಿದ್ದಿರಿ. ನಾನು ಡಬ್ಬಿಯನ್ನು ಇದ್ದಲ್ಲೇ ಇಟ್ಟುಬಿಟ್ಟೆ.

ತಮ್ಮ ಮುನಿರಾಜುವಿಗೆ ರಕ್ತದ ಕ್ಯಾನ್ಸರ್ ಆದದ್ದು ಎರಡು ಸಾವಿರದ ಎರಡರಲ್ಲಿ. ನನ್ನ ಮೂಳೆಯ ಮಜ್ಜೆ ಅವನಿಗೆ ಹೊಂದಿತು. ನನ್ನ ಮೈಯಲ್ಲಿ ಇನ್ನೊಬ್ಬರ ಉಪಯೋಗಕ್ಕೆ ಬರುವಂಥದ್ದೂ ಒಂದಿದೆ ಎಂದು ಮನೆಯವರಿಗೆ ಗೊತ್ತಾದದ್ದೇ ಆಗ. “ಅಣ್ಣನ ಮಜ್ಜೆ ಹಾಕಿದ್ದೀವಿ” ಎಂದು ಡಾಕ್ಟರು ಹೇಳಿದ್ದು ಅಮ್ಮನಿಗೆ ಮಜ್ಜಿಗೆ ಎಂದೇ ಕೇಳಿಸಿತು. ಹಲಸೂರಿನಲ್ಲಿ ಎಮ್ಮೆ ಸಾಕಿ, ಮೊಸರು ಮಾರಿ ನಮ್ಮನ್ನು ಬೆಳೆಸಿದವಳು ಅವಳು.

“ಆಸ್ಪತ್ರೆ ಮಜ್ಜಿಗೆ ಯಾಕೆ? ನಮ್ಮನೇದೇ ಕಳಿಸ್ತೀನಿ” ಎಂದಳು.

ನಾನು ನಕ್ಕೆನೇ ಹೊರತು ಬಿಡಿಸಿ ಹೇಳಲಿಲ್ಲ. ಮರುದಿನ ಫ್ಲಾಸ್ಕು ಬಂತು. ಕುದಿಸದ ಏನನ್ನೂ ಕೊಡಬಾರದೆಂದು ವಾರ್ಡಿನ ಬಾಗಿಲ ಮೇಲೆ ಬರೆದಿತ್ತು. ಆದರೆ ಮುನಿರಾಜುವಿನ ಬಾಯಿಯೆಲ್ಲ ಹುಣ್ಣು. “ತಣ್ಣಗೆ ಒಂದ್ ಗುಟುಕು ಕೊಡಣ್ಣ” ಎಂದ. ಕೊಟ್ಟೆ.

ಮೂರನೆಯ ದಿನಕ್ಕೆ ಜ್ವರ ಏರಿತು, ಮಾತು ನಿಂತಿತು. ಡಾಕ್ಟರು ರಕ್ತ ಪರೀಕ್ಷೆಯ ಕಾಗದ ಹಿಡಿದು ಬಂದರು. “ಇದು ಮೊಸರಲ್ಲಿರೋ ಥರದ ಬ್ಯಾಕ್ಟೀರಿಯಾ. ರಕ್ತದಲ್ಲಿ ಸಿಗೋದೇ ಅಪರೂಪ. ನಮ್ಗೆ ನಿಮ್ಗೆ ಏನೂ ಮಾಡಲ್ಲ, ಇವ್ರಿಗೆ ಈಗ ತಡ್ಕೊಳ್ಳೋ ಶಕ್ತಿ ಇಲ್ಲ. ಹೊರಗಿಂದ ಏನಾದ್ರೂ ಕೊಟ್ರಾ? ನಿಜ ಹೇಳಿದ್ರೆ ಔಷಧಿ ಬದಲಾಯಿಸ್ಬೇಕಾ ಅಂತ ನೋಡ್ತೀನಿ.”

ನಾನು ನೆಲ ನೋಡಿದೆ. ಬೆಂಚಿನ ಮೇಲಿದ್ದ ಅಮ್ಮ ಎದ್ದು ನಿಂತಳು.

“ಮಜ್ಜಿಗೆ ಕಳ್ಸಿದ್ದು ನಾನೇ ಡಾಕ್ಟ್ರೇ. ಇವನ್ನ ಬೈಬೇಡಿ.”

ಔಷಧಿ ಬದಲಾಯಿತು. ವಾರದಲ್ಲಿ ಜ್ವರ ಇಳಿಯಿತು, ತಮ್ಮ ಉಳಿದ. ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು: ಅದು ಅವನ ಹೊಟ್ಟೆಯೊಳಗಿಂದಲೇ ರಕ್ತಕ್ಕೆ ಸೇರಿರಬಹುದು, ಮಜ್ಜಿಗೆಯಿಂದಲೇ ಎಂದು ಯಾರೂ ಹೇಳಲಾರರು, ನಿಮ್ಮ ತಾಯಿಗೆ ತಿಳಿಸಿ.

ನಾನು ತಿಳಿಸಲಿಲ್ಲ. ಹೇಳಿದರೆ ಮತ್ತೆ ಏನಾದರೂ ಕಳಿಸಿಯಾಳು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವೆಂದರೆ, ತಪ್ಪು ಅವಳದೆಂದು ಇರುವವರೆಗೆ ಬಗ್ಗಿಸಿ ಕೊಟ್ಟವನ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಅಮ್ಮ ಮತ್ತೆ ಕಡಗೋಲು ಮುಟ್ಟಲಿಲ್ಲ. ಮುನಿರಾಜು ಎಲ್ಲವನ್ನೂ ತಿನ್ನಬಹುದೆಂದಾದ ಮೇಲೂ ಅವನ ಅನ್ನಕ್ಕೆ ಮಜ್ಜಿಗೆ ಬೇರೆಯವರೇ ಬಡಿಸಬೇಕಿತ್ತು.

ಮೊನ್ನೆ ಆ ಅಂಗಡಿಯಿಂದ ನೇರವಾಗಿ ತಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

“ಕೇಳಿದ್ದು ನಾನು, ಕೊಟ್ಟಿದ್ದು ನೀನು. ಅಮ್ಮಂಗೆ ಹೇಳ್ಬೋದಿತ್ತಲ್ಲಣ್ಣ” ಎಂದ.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಎಂಟು ವರ್ಷ ಬದುಕಿದ್ದಳು.