ಸೀಟಿನ ಮೇಲಿನ ಅರವತ್ತೆಂಟು ಕಿಲೋ

ಮದುವೆಯಾದ ಎಂಟನೇ ದಿನ ನನ್ನ ಗಂಡ ಕೇಳಿದ ಮೊದಲ ಗುಟ್ಟಿನ ಪ್ರಶ್ನೆ, "ನಿನ್ನ ತೂಕ ಎಷ್ಟು?" ಎಂದು. ಹೊಸ ಹೆಂಡತಿಯನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ನಾಚಿಕೆಗೆ ನಾಲ್ಕು ಕಿಲೋ ಕಡಿಮೆ ಮಾಡಿ ಐವತ್ತು ಎಂದೆ. ಮರುದಿನ ತಮ್ಮ ನೀಲಿ ಕಾರಿನಲ್ಲಿ ಕೂರಿಸಿಕೊಂಡು ಗುಡ್ಡದ ರಸ್ತೆಗೆ ಕರೆದೊಯ್ದರು. ಎರಡು ತಿರುವು ದಾಟಿದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿ, "ನಾಲ್ಕು ಕಿಲೋ ಸುಳ್ಳು ಹೇಳಿದೀಯ" ಎಂದರು. ಈ ಮನುಷ್ಯನ ಜೊತೆ ಬಾಳುವುದು ಸುಲಭವಲ್ಲ ಎಂದು ಅವತ್ತೇ ಗೊತ್ತಾಯಿತು.

ಇವರದ್ದು ವೀಲ್ ಅಲೈನ್‌ಮೆಂಟ್ ಅಂಗಡಿ. ಮನೆಯ ಕೆಳಗೇ ಇದೆ, ಹಾಗಾಗಿ ಗ್ರೀಸಿನ ವಾಸನೆ ನಮ್ಮ ದಿಂಬಿನಲ್ಲೂ ಇದೆ. ಬೇರೆಯವರು ಚಕ್ರ ನೇರ ಮಾಡಿ ಕಳಿಸುತ್ತಾರೆ. ಇವರು ನಾಲ್ಕು ಚಕ್ರದ ಕೆಳಗೂ ಒಂದೊಂದು ತಕ್ಕಡಿ ಇಟ್ಟು, ಯಾವ ಮೂಲೆಗೆ ಎಷ್ಟು ಭಾರ ಬೀಳುತ್ತದೆ ಎಂದು ನೋಡದೆ ಕಾರನ್ನು ಹೊರಗೆ ಬಿಡುವುದಿಲ್ಲ. ಬೀದಿಯವರೆಲ್ಲ ಇವರನ್ನು 'ತಕ್ಕಡಿ ಮೇಸ್ತ್ರಿ' ಎನ್ನುತ್ತಾರೆ. ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇವರ ಬಳಿ ಎರಡು ಪುಟ್ಟ ಕಾರುಗಳಿವೆ. ಎರಡಕ್ಕೂ ಎರಡೇ ಸೀಟು, ಎರಡರಲ್ಲೂ ತರಕಾರಿ ಚೀಲ ಇಡಲು ಜಾಗವಿಲ್ಲ. ನೀಲಿಗೆ ಎಂಜಿನ್ ಮುಂದಿದೆ, ಹಳದಿಗೆ ನಮ್ಮ ಬೆನ್ನ ಹಿಂದೆ. ಮೂವತ್ತೆರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂದಾದ ಮೇಲೊಂದರಂತೆ ಎರಡನ್ನೂ ಅದೇ ಗುಡ್ಡದ ರಸ್ತೆಯಲ್ಲಿ ಓಡಿಸಿ, ಯಾವುದು ಮೇಲು ಎಂದು ತೀರ್ಮಾನ ಮಾಡುತ್ತಾರೆ. ತೀರ್ಮಾನ ಇನ್ನೂ ಆಗಿಲ್ಲ. ಈ ಜನ್ಮದಲ್ಲಿ ಆಗುವ ಲಕ್ಷಣವೂ ಇಲ್ಲ.

"ನೀಲಿದು ಒಳ್ಳೆ ಮನುಷ್ಯನ ಥರ ಕಣೇ. ಜಾರೋ ಮುಂಚೆ ಹೇಳುತ್ತೆ, 'ಜಾರ್ತೀನಿ ನೋಡು' ಅಂತ. ಎಂಜಿನ್ನೂ ಹಾಗೇ, ಕಡಿಮೆ ಸುತ್ತಲ್ಲೇ ನಿಧಾನಕ್ಕೆ ಎಳೆಯುತ್ತೆ."

"ಸರಿ, ಅದೇ ಮೇಲು ಅನ್ನಿ. ಮುಗೀತು."

"ಹೇಗೆ ಮುಗಿಯುತ್ತೆ? ಹಳದಿ ಇನ್ನೂರು ಕಿಲೋ ಹಗುರ. ಸ್ಟಿಯರಿಂಗ್ ಮುಟ್ಟೋದ್ರೊಳಗೆ ತಿರುಗಿರುತ್ತೆ. ನಿಮಿಷಕ್ಕೆ ಆರು ಸಾವಿರ ಸುತ್ತು ದಾಟೋವರೆಗೆ ಎಂಜಿನ್ ನಿದ್ದೆ ಮಾಡ್ತಿರುತ್ತೆ, ಆಮೇಲೆ ನೋಡು ಅದರ ಕುಣಿತ! ಆದರೆ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಯೋ, ಹಿಂಭಾಗ ಮುಂದಕ್ಕೆ ಬಂದುಬಿಡುತ್ತೆ. ಕ್ಷಮಿಸೋ ಜಾತಿ ಅಲ್ಲ ಅದು. ನಿಂಗ್ಯಾವುದು ಚೆನ್ನಾಗಿದೆ ಅನ್ಸುತ್ತೆ?"

"ಎರಡರಲ್ಲೂ ನನ್ನ ಸೊಂಟ ನೋಯುತ್ತೆ."

ನಾನು ಹೋಗದಿದ್ದರೆ ಆಗುವುದಿಲ್ಲವೇ? ಆಗುವುದಿಲ್ಲವಂತೆ. ಇಷ್ಟು ಹಗುರವಾದ ಕಾರಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ಲೆಕ್ಕವೆಲ್ಲ ತಪ್ಪುತ್ತದಂತೆ. ಎರಡು ಕಾರನ್ನೂ ಇವರ ತೂಕಕ್ಕೂ ನನ್ನ ತೂಕಕ್ಕೂ ಸರಿಹೊಂದುವಂತೆ ಕಟ್ಟಿದ್ದಾರೆ. ಅಂದರೆ ನಾನು ಹೆಂಡತಿಯಲ್ಲ, ಬಿಡಿಭಾಗ. ಮೊದಲೆಲ್ಲ ವರ್ಷಕ್ಕೊಮ್ಮೆ ನನ್ನನ್ನು ತೂಗಿ, ಅಂಗಡಿಯ ಕರಿಹಲಗೆಯ ಮೇಲೆ ಗಿರಾಕಿಗಳಿಗೆ ಕಾಣುವಂತೆ ಬರೆಯುತ್ತಿದ್ದರು. ಐವತ್ತು ತುಂಬಿದ ವರ್ಷ ಹಲಗೆಯ ಮೇಲೆ ಅರವತ್ತೆಂಟು ಎಂದು ಬಿದ್ದಾಗ ಒದ್ದೆ ಬಟ್ಟೆಯಿಂದ ಒರೆಸಿ ಹಾಕಿ, "ಇನ್ನು ಮುಂದೆ ನನ್ನನ್ನ ತೂಗಿದ್ರೆ ನೋಡಿ!" ಎಂದು ಕೂಗಾಡಿದ್ದೆ. ಇವರು ಹೆದರಿ ಅರವತ್ತೆಂಟು ಕಿಲೋ ಮರಳನ್ನು ಏಳು ಚೀಲಗಳಲ್ಲಿ ತುಂಬಿಟ್ಟುಕೊಂಡರು. ಅಂದಿನಿಂದ ತಕ್ಕಡಿಯ ಕೆಲಸಕ್ಕೆಲ್ಲ ಚೀಲಗಳು, ರಸ್ತೆಗೆ ಮಾತ್ರ ನಾನು. ಒಂದೊಂದು ಚೀಲದ ಮೇಲೂ ಬಣ್ಣದಲ್ಲಿ 'ಮನೆಯವಳು' ಎಂದು ಬರೆದಿದ್ದಾರೆ. ಬಂದವರು ಅದರ ಮೇಲೆ ಕುಂಡೆಯೂರಿ ಕಾಫಿ ಕುಡಿಯುತ್ತಾರೆ.

ಹೀಗಿರುವಾಗ ಈ ವರ್ಷ ಶನಿ ಹೆಗಲೇರಿತು. ಒಂದು ಭಾನುವಾರ ಇವರು ಹಳದಿ ಕಾರನ್ನು ತಿರುವಿನಲ್ಲೇ ನಿಧಾನ ಮಾಡಿ, "ಎಡಗಡೆ ಮುಂದಿನ ಚಕ್ರ ಯಾಕೋ ಹಗುರ ಅನ್ನಿಸ್ತಿದೆ" ಎಂದರು. ಮರುವಾರ ನೀಲಿಯಲ್ಲೂ ಅದೇ ಮಾತು. ಅಲ್ಲಿಂದ ಮೂರು ತಿಂಗಳು ಮನೆಯಲ್ಲಿ ನೆಮ್ಮದಿ ಎಂಬುದಿಲ್ಲ. ಸ್ಪ್ರಿಂಗ್ ಬಿಚ್ಚಿದರು, ಹಾಕಿದರು. ರಬ್ಬರ್ ಬುಶ್ ಬದಲಾಯಿಸಿದರು. ಟೈರು ಬದಲಾಯಿಸಿದರು. ಊಟಕ್ಕೆ ಕರೆದರೆ ಕಾರಿನ ಕೆಳಗಿಂದ ಎರಡು ಚಪ್ಪಲಿ ಮಾತ್ರ ಉತ್ತರ ಕೊಡುತ್ತಿದ್ದವು. ಚೀಲಗಳನ್ನಿಟ್ಟು ತಕ್ಕಡಿಯ ಮೇಲೆ ನಿಲ್ಲಿಸಿದರೆ ಎಲ್ಲ ಅಂಕಿಯೂ ಸರಿ. ರಸ್ತೆಗಿಳಿದರೆ ತಪ್ಪು.

ಕಡೆಗೆ ಒಂದು ದಿನ ಸ್ಪ್ಯಾನರ್ ಕೆಳಗಿಟ್ಟು ಹೇಳಿದರು, "ಎರಡು ಕಾರು ಒಟ್ಟಿಗೆ ಕೆಡಲ್ಲ. ಕೆಟ್ಟಿರೋದು ನನ್ನ ಕೈ."

"ಏನಾಗಿದೆ ಕೈಗೆ? ಗಿರಾಕಿಗಳ ಕಾರಲ್ಲಿ ಒಂದೂ ತಪ್ಪು ಕಾಣ್ಲಿಲ್ವಲ್ಲ?"

"ತಪ್ಪು ಇದ್ರೂ ನಂಗೆ ಗೊತ್ತಾಗ್ತಿಲ್ಲ ಅಂತ ಅದರ ಅರ್ಥ."

ಇಂಥವರಿಗೆ ಏನು ಹೇಳುವುದು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ನಾಳೆ ಯಾರದೋ ಕಾರು ತಮ್ಮ ಕೈಯಿಂದ ಹೋಗಿ ತಿರುವಿನಲ್ಲಿ ಉರುಳಿದರೆ ಗತಿಯೇನು ಎಂದು ಬಂದ ಗಿರಾಕಿಗಳನ್ನೆಲ್ಲ ಬೇರೆ ಕಡೆಗೆ ಕಳಿಸತೊಡಗಿದರು. ತಿಂಗಳ ಕೊನೆಗೆ ಬೋರ್ಡು ಇಳಿಸುತ್ತೇನೆ ಎಂದರು. ಮಗಳು ಫೋನಿನಲ್ಲಿ, "ಅಪ್ಪನಿಗೆ ಅರವತ್ತೆರಡಾಯ್ತು, ಬಿಡಲಿ ಬಿಡಮ್ಮ" ಎಂದಳು. ಬಿಟ್ಟರೆ ಇವರು ಬದುಕುತ್ತಾರೆಯೇ? ಆ ಕೈ ಬಿಟ್ಟು ಇವರಲ್ಲಿ ಇನ್ನೇನಿದೆ? ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವುದನ್ನು ಕಂಡರೆ ನನಗೆ ಅಳು ಬರುತ್ತಿತ್ತು. ಅಳು ಬಂದಾಗ ನಾನು ಬೈಯುತ್ತೇನೆ. ಆದ್ದರಿಂದ ದಿನವಿಡೀ ಬೈದೆ.

ಅದರ ಮೇಲೆ ನನ್ನ ಮೈಯೂ ಸರಿಯಿರಲಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಡವಡವ, ರಾತ್ರಿಯೆಲ್ಲ ಸೆಕೆ, ಕೈಯಲ್ಲಿ ಲೋಟ ನಡುಗುತ್ತಿತ್ತು. ಇವರ ಕಾಟಕ್ಕೆ ಹೀಗಾಗಿದೆ ಎಂದುಕೊಂಡೆ. ಎದುರುಮನೆಯಾಕೆ, "ಏನ್ರೀ, ಎಷ್ಟು ಸಣ್ಣ ಆಗಿದೀರಿ! ಏನು ಮಾಡಿದ್ರಿ?" ಎಂದು ಹೊಟ್ಟೆಕಿಚ್ಚುಪಟ್ಟಾಗ ನಿಜ ಹೇಳಬೇಕೆಂದರೆ ಹಿಗ್ಗಿಹೋದೆ. ಬಟ್ಟೆಗಳನ್ನೆಲ್ಲ ಹಿಡಿಸಿ ಹೊಲಿಸಿಕೊಂಡೆ. ಇವರಿಗೆ ಹೇಳಲಿಲ್ಲ. ಹೇಳಿದರೆ ತಕ್ಕಡಿ ತರುತ್ತಾರೆ!

ತಿಂಗಳ ಕೊನೆಯ ದಿನ ಏಣಿ ತಂದು ಗೋಡೆಗೆ ಒರಗಿಸಿದರು. ಬೋರ್ಡು ಬಿಚ್ಚುವ ಮುಂಚೆ ಹಳದಿ ಕಾರನ್ನು ಕೊನೆಯ ಬಾರಿ ತಕ್ಕಡಿಯ ಮೇಲೆ ನಿಲ್ಲಿಸಿ, ತಮ್ಮ ಸೀಟಿನಲ್ಲಿ ತಮ್ಮ ತೂಕದ ಮರಳು ಚೀಲಗಳನ್ನೂ ನನ್ನ ಸೀಟಿನಲ್ಲಿ ನನ್ನ ಚೀಲಗಳನ್ನೂ ಇಟ್ಟರು. ತಕ್ಕಡಿಯ ಮೀಟರು ಒಟ್ಟು ಒಂಬೈನೂರು ಕಿಲೋ ತೋರಿಸಿತು. ವಾಡಿಕೆಯಂತೆ ಸರಿ.

"ನೋಡು. ತಕ್ಕಡಿ ಸರಿ, ಕಾರು ಸರಿ. ಉಳಿದಿದ್ದು ನಾನೊಬ್ಬನೇ."

ನನ್ನ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. "ಸಾಕು ಮಾಡ್ರೀ! ಮೂರು ತಿಂಗಳಿಂದ ಈ ಮರಳಿನ ಜೊತೆ ಸಂಸಾರ ಮಾಡ್ತಿದೀರಿ. ರಸ್ತೆಗೆ ಬರೋಳು ನಾನೋ ಈ ಮೂಟೆಯೋ? ನಾನೇ ಕೂತ್ಕೋತೀನಿ, ತೂಗಿ! ಹಲಗೆ ಮೇಲೂ ಬರ್ಕೊಳ್ಳಿ, ಡಂಗುರ ಹೊಡೆಸಿ!" ಎಂದು ಚೀಲಗಳನ್ನು ಎಳೆದೆಳೆದು ಹೊರಗೆಸೆದೆ. ಮೂರನೆಯದಕ್ಕೇ ಉಸಿರು ಸಿಕ್ಕಿಕೊಂಡಿತು. ಬಾಗಿಲು ಹಿಡಿದು ನಿಂತೆ. ಉಳಿದವನ್ನು ಇವರೇ ತೆಗೆದರು. ನಾನು ಕೂತೆ.

ಮೀಟರು ಎಂಟುನೂರ ಎಂಬತ್ತೊಂಬತ್ತು ಎಂದಿತು.

ಇವರು ತಕ್ಕಡಿಯನ್ನು ಸೊನ್ನೆಗೆ ತಂದು ಮತ್ತೆ ನೋಡಿದರು. ಅದೇ ಅಂಕಿ. ನನ್ನ ಮಡಿಲಲ್ಲಿ ಹತ್ತು ಕಿಲೋದ ಒಂದು ಚೀಲ ಇಟ್ಟರು, ಅದರ ಮೇಲೆ ಒಂದು ಕಿಲೋದ ಕಬ್ಬಿಣದ ಬಟ್ಟು. ಒಂಬೈನೂರು. ನಾಲ್ಕು ಮೂಲೆಯೂ ಸರಿ.

"ನೋಡಿದ್ರಾ! ಹನ್ನೊಂದು ಕಿಲೋ ವ್ಯತ್ಯಾಸ ಕೈಗೆ ಗೊತ್ತಾಗಿದೆ. ಕೈ ಸರಿಯಾಗೇ ಇದೆ! ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ! ಹೇಳಿದ್ನೋ ಇಲ್ವೋ?" ಎಂದು ಚಪ್ಪಾಳೆ ತಟ್ಟಿದೆ.

ಇವರು ನಗಲಿಲ್ಲ. ಕಾರಿನ ಬಾಗಿಲ ಬಳಿ ಮಂಡಿಯೂರಿ ಕೂತು ನನ್ನ ಮುಖವನ್ನೇ ನೋಡಿದರು. ಎಷ್ಟೋ ವರ್ಷವಾಗಿತ್ತು ಹಾಗೆ ನೋಡಿ.

"ಹನ್ನೊಂದು ಕಿಲೋ ಎಲ್ಲಿಗೆ ಹೋಯ್ತು?"

"ಪಥ್ಯ ಮಾಡ್ದೆ."

"ಸುಳ್ಳು ಹೇಳ್ಬೇಡ. ಮೊದಲಿಗಿಂತ ಜಾಸ್ತಿನೇ ತಿಂತಿದೀಯ. ನಾನು ಸ್ಪ್ರಿಂಗ್ ಬಿಚ್ಕೊಂಡು ಕೂತಿದ್ನಲ್ಲೇ, ಕತ್ತೆ ನಾನು. ಪಕ್ಕದಲ್ಲೇ ಕೂತಿದ್ದೆಯಲ್ಲೇ ನೀನು!" ಎಂದು ಆ ಗ್ರೀಸಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು. ಕಣ್ಣು ತುಂಬಿತ್ತು.

ಅದೇ ಸಂಜೆ ಡಾಕ್ಟರು ನಾಡಿ ಹಿಡಿದು ನೂರಿಪ್ಪತ್ತೆಂಟು ಎಂದರು. "ಅಂದ್ರೆ ಐಡ್ಲಿಂಗ್ ಏರಿದೆ" ಎಂದರು ಇವರು. ನಿಂತ ಕಾರಿನ ಎಂಜಿನ್ ಜೋರಾಗಿ ತಿರುಗುವುದಕ್ಕೆ ಇವರ ಭಾಷೆ ಅದು. ಡಾಕ್ಟರಿಗೆ ಅರ್ಥವಾಗಲಿಲ್ಲ, ನಾನು ತಲೆ ಚಚ್ಚಿಕೊಂಡೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಎಂದು ಬಂತು. ಗ್ರಂಥಿ ಹದ್ದುಮೀರಿ ಕೆಲಸ ಮಾಡಿ ಹೃದಯವನ್ನು ದಣಿಸುತ್ತಿತ್ತಂತೆ, ಇನ್ನೂ ಕೆಲವು ತಿಂಗಳು ಬಿಟ್ಟಿದ್ದರೆ ಕೈಮೀರುತ್ತಿತ್ತಂತೆ. "ಹೇಗೆ ಗಮನಕ್ಕೆ ಬಂತು?" ಎಂದು ಡಾಕ್ಟರು ಕೇಳಿದಾಗ ಇವರು ಎಡಗಡೆ ಮುಂದಿನ ಚಕ್ರದಿಂದ ಶುರುಮಾಡಿದರು. ಹೊರಗೆ ಕಾಯುತ್ತಿದ್ದವರ ಶಾಪ ನನಗೆ ತಟ್ಟಿತು.

ಏಣಿ ಹಿತ್ತಲಿಗೆ ಹೋಯಿತು, ಬೋರ್ಡು ಇದ್ದಲ್ಲೇ ಇದೆ, ಗಿರಾಕಿಗಳು ಮರಳಿದರು. ಗುಳಿಗೆ ಶುರುವಾಗಿ ಎರಡು ತಿಂಗಳಾದ ಮೇಲೆ ಡಾಕ್ಟರು ಒಪ್ಪಿದರು, ಭಾನುವಾರದ ಸುತ್ತಾಟವೂ ಮೊದಲಾಯಿತು. ತಿರುವಿನಲ್ಲಿ ಈಗಲೂ ಹಲ್ಲು ಕಚ್ಚುತ್ತಾರೆ. "ಅಷ್ಟು ಕಷ್ಟ ಆದ್ರೆ ಕಾರನ್ನ ನನ್ನ ಈಗಿನ ತೂಕಕ್ಕೆ ಸರಿ ಮಾಡ್ಕೊಳ್ರೀ. ಅರ್ಧ ದಿನದ ಕೆಲಸ" ಎಂದೆ.

"ಮಾಡಲ್ಲ."

"ಹಟ ಯಾಕೆ?"

"ಸರಿ ಮಾಡಿದ್ರೆ ನೀನು ಹೀಗೇ ಇರ್ತೀಯ ಅಂತ ಒಪ್ಕೊಂಡ ಹಾಗಾಗುತ್ತೆ. ನೀನು ವಾಪಸ್ ಬಾ. ಅಲ್ಲಿವರೆಗೆ ತಪ್ಪಾಗೇ ಓಡಲಿ."

ಕೂದಲೆಳೆಯಷ್ಟು ಸೊಟ್ಟ ಇದ್ದರೂ ಅನ್ನ ಸೇರದ ಮನುಷ್ಯ ಐದು ತಿಂಗಳಿಂದ ಎರಡು ಸೊಟ್ಟ ಕಾರು ಓಡಿಸುತ್ತಿದ್ದಾರೆ. ಮೊನ್ನೆ ಭಾನುವಾರ ಹಳದಿಯಲ್ಲಿ ಕೊನೆಯ ತಿರುವು ದಾಟಿ, ಸ್ಟಿಯರಿಂಗಿನ ಮೇಲೆ ಬೆರಳಾಡಿಸಿ, "ಇನ್ನು ಮೂರು ಕಿಲೋ ಬಾಕಿ" ಎಂದರು. ಹಿಂದಿನ ದಿನವಷ್ಟೇ ಆಸ್ಪತ್ರೆಯಲ್ಲಿ ತೂಗಿಸಿಕೊಂಡಿದ್ದೆ. ಅರವತ್ತೈದು. ಒಂದು ಗುಲಗಂಜಿಯೂ ಆಚೀಚೆಯಿಲ್ಲ. ನಾನು ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾರೆ.